ಗೇಣಿಯ ದಾಖಲೆ: ಜಮೀನುದಾರರ ಕರ್ತವ್ಯವೂ ಗೇಣಿದಾರರ ಹಿತವೂ

ಭೂಮಿಯ ಒಡೆಯನೊಬ್ಬನು, ಉಳುವವನು ಮತ್ತೊಬ್ಬನು ಎಂಬ ಏರ್ಪಾಡು ನಮ್ಮ ನಾಡಿನಲ್ಲಿ ಬಹುಕಾಲ ನಡೆದುಬಂದುದು. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಗಳಿದ್ದುವು. ಮೂಲಗೇಣಿದಾರನ ಹಕ್ಕು ವಂಶಪಾರಂಪರ್ಯವಾದುದು. ಚಾಲಗೇಣಿದಾರನಾದರೋ ಒಡೆಯನ ಇಷ್ಟವಿರುವವರೆಗೆ ಮಾತ್ರ ಉಳತಕ್ಕವನು. ಬಯಲುಸೀಮೆಯಲ್ಲಿ ಬೆಳೆಯನ್ನು ಹಂಚಿಕೊಳ್ಳುವ ವಾರದ ಪದ್ಧತಿಯು ರೂಢಿಯಲ್ಲಿತ್ತು. ಇಂತಹ ಒಪ್ಪಂದಗಳಲ್ಲಿ ಅನೇಕವು ಬರಿಯ ಬಾಯಿಮಾತಿನವಾಗಿದ್ದುವು. ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ, ಆಡಿದವರು ಕಾಲವಾದ ಮೇಲೆ ಅದಕ್ಕೆ ಸಾಕ್ಷಿ ಹೇಳತಕ್ಕವರು ಯಾರು?

ದಾಖಲೆಯ ಬೆಲೆಯು ಎಷ್ಟೆಂಬುದು 1974ರಲ್ಲಿ ಎಲ್ಲರಿಗೂ ವಿದಿತವಾಯಿತು. 1961ನೆಯ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಂತೆ, ಗೇಣಿಗೆ ಕೊಟ್ಟಿದ್ದ ಜಮೀನುಗಳು 1974ನೆಯ ಮಾರ್ಚಿ 1ರಂದು ಸರ್ಕಾರಕ್ಕೆ ಸೇರಿದುವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂನ್ಯಾಯ ಮಂಡಲಿಯ ಮುಂದೆ ತಮ್ಮ ಸಾಗುವಳಿಯನ್ನು ರುಜುಪಡಿಸಿ, ಭೂಮಿಯ ಒಡೆತನವನ್ನು ಪಡೆಯಬಹುದಾಗಿತ್ತು. ಅರ್ಜಿಯ ಕೊನೆಯ ಗಡುವು 1979ನೆಯ ಜೂನ್ 30. ಸುಮಾರು 8 ಲಕ್ಷ ಅರ್ಜಿಗಳು ಬಂದುವು. ಪಹಣಿಯ 12ನೆಯ ಕಾಲಮಿನಲ್ಲಿ ಯಾರ ಹೆಸರು ಗೇಣಿದಾರನೆಂದು ಬರೆದಿತ್ತೋ, ಯಾರ ಬಳಿ ಗೇಣಿಯ ರಸೀತಿ ಇತ್ತೋ, ಅವರ ಕೆಲಸವು ಸುಲಭವಾಯಿತು. ತಲೆಮಾರುಗಳಿಂದ ಉತ್ತಿದ್ದರೂ ಹೆಸರು ಬರೆಯಿಸದವರು ನೆರೆಹೊಲದವರ ಸಾಕ್ಷ್ಯವನ್ನೇ ನಂಬಬೇಕಾಯಿತು.

ಕಾನೂನು ಹೇಳುವುದೇನೆಂದರೆ: 1964ನೆಯ ಭೂಕಂದಾಯ ಕಾಯಿದೆಯ 128ನೆಯ ಪ್ರಕರಣದಂತೆ, ಕ್ರಯ, ವಿಭಾಗ, ಗೇಣಿ ಮುಂತಾದವುಗಳಿಂದ ಭೂಮಿಯಲ್ಲಿ ಹಕ್ಕು ಪಡೆದವನು ಮೂರು ತಿಂಗಳೊಳಗಾಗಿ ಗ್ರಾಮದ ಅಧಿಕಾರಿಗೆ ವರದಿ ಮಾಡತಕ್ಕದ್ದು; ಅಧಿಕಾರಿಯು ಕೂಡಲೆ ಲಿಖಿತ ಸ್ವೀಕೃತಿಯನ್ನು ಕೊಡತಕ್ಕದ್ದು. ನೋಂದಾಯಿತ ಪತ್ರದಿಂದ ಹಕ್ಕು ಪಡೆದವನಿಗೆ ಈ ವರದಿಯ ಅಗತ್ಯವಿಲ್ಲ. ಹಕ್ಕು ದಾಖಲೆಯಲ್ಲಿರುವ ನಮೂದು, ಸುಳ್ಳೆಂದು ಸಿದ್ಧವಾಗುವವರೆಗೆ ನಿಜವೆಂದೇ ಭಾವಿಸಲ್ಪಡುವುದು. 1908ನೆಯ ನೋಂದಣಿ ಕಾಯಿದೆಯಂತೆ, ಒಂದು ವರ್ಷಕ್ಕೆ ಮೀರಿದ ಅವಧಿಯ ಅಥವಾ ವಾರ್ಷಿಕ ಬಾಡಿಗೆಯನ್ನು ಗೊತ್ತುಮಾಡಿದ ಗುತ್ತಿಗೆ ಪತ್ರವನ್ನು ಬರೆದು ನಾಲ್ಕು ತಿಂಗಳೊಳಗಾಗಿ ನೋಂದಣಿಗೆ ಹಾಜರುಪಡಿಸಬೇಕು. ನೋಂದಣಿಯಾಗದ ಪತ್ರವು ಆ ಗುತ್ತಿಗೆಯನ್ನು ರುಜುಪಡಿಸಲು ನ್ಯಾಯಾಲಯದಲ್ಲಿ ಸಲ್ಲದು.

ಕರ್ನಾಟಕದಲ್ಲಿ ಇಂದು ಸಾಗುವಳಿ ಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡುವುದು ನಿಷಿದ್ಧವು. ಸೇವೆಯಲ್ಲಿರುವ ಸೈನಿಕ, ಹಡಗಿನ ನಾವಿಕ ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿಯುಂಟು. ಹೀಗಿದ್ದರೂ ಬಾಯಿಮಾತಿನ ಗೇಣಿ ಹಳ್ಳಿಗಳಲ್ಲಿ ನಿಂತಿಲ್ಲ. ಇದರಿಂದ ಹಾನಿಗೊಳಗಾಗುವವನು ಉಳುವವನೇ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಯೋಜನೆಯ ಹಣವು ಭೂಹಿಡುವಳಿದಾರನಿಗೆ ಸಲ್ಲುತ್ತದೆ, ಗೇಣಿದಾರನಿಗಲ್ಲ. 2016ರ ಬೆಳೆವಿಮೆ ಯೋಜನೆಯು ಗೇಣಿದಾರನನ್ನು ಒಳಗೊಂಡರೂ ದಾಖಲೆಯನ್ನು ಕೇಳುವುದು. ಬೀಜಗೊಬ್ಬರಕ್ಕೆ ಹಣ ಹಾಕಿದವನ ಬೆಳೆ ಕೆಟ್ಟರೆ, ಪರಿಹಾರವು ಪಹಣಿಯ ಹೆಸರಿನವನಿಗೆ ಸೇರುವ ಸಂಭವವಿದೆ.

ಆದುದರಿಂದ ಗ್ರಾಮಪ್ರಮುಖರೂ ಜಮೀನುದಾರರೂ ಈ ಅಂಶಗಳನ್ನು ಗಮನಿಸತಕ್ಕದ್ದು:

1. ಕಾನೂನು ಅನುಮತಿಸಿದ ಗೇಣಿಯನ್ನು ಪತ್ರದಲ್ಲಿ ಬರೆಯಿಸಿ, ನೋಂದಣಿ ಮಾಡಿಸಿ, ಒಂದು ಪ್ರತಿಯನ್ನು ಗೇಣಿದಾರನಿಗೆ ಕೊಡಬೇಕು.

2. ಹಣವಾಗಲಿ ಧಾನ್ಯವಾಗಲಿ, ಪಡೆದ ಗೇಣಿಗೆ ದಿನಾಂಕಸಹಿತ ರಸೀತಿ ಕೊಡಬೇಕು.

3. ನಿಷಿದ್ಧವಾದ ಗೇಣಿಯನ್ನು ಕೂಲಿಯೆಂದೋ ಸ್ವಂತ ಸಾಗುವಳಿಯೆಂದೋ ಮರೆಮಾಡಿ ಬರೆಯಿಸುವುದು ಸಲ್ಲದು. ಅದಕ್ಕೆ ಗ್ರಾಮಪ್ರಮುಖರು ಸಾಕ್ಷಿಯಾಗಲೂಬಾರದು.

4. ಪಹಣಿಯನ್ನು ಆಗಾಗ ತೆಗೆಸಿ ಓದಿನೋಡಬೇಕು. ಓದಲು ಬಾರದವರಿಗೆ ಬಲ್ಲವರು ಓದಿಹೇಳಬೇಕು.

ದಾಖಲೆಯಿಂದ ಜಮೀನುದಾರನಿಗೆ ನಷ್ಟವೆಂಬ ಭಯವು ಹಳೆಯದು. ಆದರೆ ಅವಧಿ, ಗೇಣಿ, ಮೇರೆ ಇವು ಸ್ಪಷ್ಟವಾಗಿ ಬರೆದಿರುವ ಪತ್ರವು ಇಲ್ಲದ ಹಕ್ಕನ್ನು ಹೇಳಿ ಬರುವವನನ್ನೂ ತಡೆಯುವುದು. ಉಳುವವನಿಗೆ ಅದು ಸಾಲಕ್ಕೂ ವಿಮೆಗೂ ಆಧಾರ. ಒಡೆಯನಿಗೆ ತನ್ನ ಸ್ವತ್ತಿನ ರಕ್ಷಣೆ. ಗ್ರಾಮಕ್ಕೆ ವ್ಯಾಜ್ಯದಿಂದ ಬಿಡುಗಡೆ.