ಸೀಮೆಸುಣ್ಣದ ಗೆರೆ ಉಳಿಸಿದ ಹತ್ತು ಕಂಬಿ

ನಾನು ಬಿ.ಇ. ಸಿವಿಲ್ ಮೂರನೇ ವರ್ಷದ ವಿದ್ಯಾರ್ಥಿ. ಕಳೆದ ರಜೆಯಲ್ಲಿ ಇಂಟರ್ನ್‌ಷಿಪ್‌ಗೆಂದು ಹುಬ್ಬಳ್ಳಿಯ ಅಪಾರ್ಟ್‌ಮೆಂಟ್ ಸೈಟ್ ಒಂದಕ್ಕೆ ಹೋಗುತ್ತಿದ್ದೆ. ಎರಡನೇ ವಾರ ಸೈಟ್ ಎಂಜಿನಿಯರ್ ನಕ್ಷೆ ಕೊಟ್ಟು, ‘ಬೀಮ್ ಕಂಬಿಗಳ ಕಟಿಂಗ್ ಲಿಸ್ಟ್ ನೀನೇ ಮಾಡು’ ಎಂದರು. ಮೊದಲ ಜವಾಬ್ದಾರಿ! ಖುಷಿಯೋ ಖುಷಿ.

ಬೇಕಿದ್ದದ್ದು 16 ಎಂ.ಎಂ. ಕಂಬಿ: ಮೂರೂವರೆ ಮೀಟರಿನ 120 ತುಂಡು, ಐದು ಮೀಟರಿನ 60 ತುಂಡು. ಕಂಬಿ ಬರುವುದು 12 ಮೀಟರ್ ಉದ್ದಕ್ಕೆ. ಒಂದರಲ್ಲಿ ಮೂರೂವರೆಯವು ಮೂರು, ಹಾಗಾಗಿ 40 ಕಂಬಿ. ಐದರವು ಎರಡು, ಹಾಗಾಗಿ 30. ಒಟ್ಟು 70 ಎಂದು ನೀಟಾಗಿ ಬರೆದುಕೊಟ್ಟೆ.

ಬಾರ್ ಬೆಂಡಿಂಗ್ ಮೇಸ್ತ್ರಿ ಚೀಟಿ ನೋಡಿದರು. ಕಿವಿಗೆ ಸಿಕ್ಕಿಸಿಕೊಂಡಿದ್ದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಗೆರೆ ಎಳೆದರು.

‘ತಮ್ಮಾ, ಎರಡು ಮೂರೂವರಿ, ಒಂದು ಐದು. ಎಷ್ಟಾತು?’

‘ಹನ್ನೆರಡು.’

‘ಮತ್ತ ಉಳಿದದ್ದೇನು?’

ಏನೂ ಉಳಿಯುತ್ತಿರಲಿಲ್ಲ. 60 ಕಂಬಿಯೇ ಸಾಕಿತ್ತು! ನನ್ನ ಲೆಕ್ಕದಲ್ಲಿ ಹತ್ತು ಕಂಬಿ, ಅಂದರೆ ಸುಮಾರು 190 ಕೆ.ಜಿ. ಉಕ್ಕು, ತುಂಡು ತುಂಡಾಗಿ ಗುಜರಿ ಸೇರುತ್ತಿತ್ತು. ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ನನಗೆ ಇಷ್ಟು ಹೊಳೆದಿರಲಿಲ್ಲ. ತಲೆ ತಗ್ಗಿಸಿದೆ.

ಕಟ್ಟಡ ತ್ಯಾಜ್ಯವೆಂದರೆ ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರ್‌ಗೆ ತುಂಬಿ ಕಳಿಸುವುದು ಎಂದುಕೊಂಡಿದ್ದೆ. ನನ್ನ ಚೀಟಿಯಲ್ಲೇ ಅದು ಹುಟ್ಟಿತ್ತು. ಆಮೇಲೆ ಸೈಟ್ ಸುತ್ತಿದರೆ ಎಲ್ಲೆಡೆ ಅದೇ ಕಥೆ. ಊಟಕ್ಕೆ ಮುಂಚೆ ಹೆಚ್ಚು ಕಲಸಿ, ಗಟ್ಟಿಯಾಗಿ ಹೋದ ಗಾರೆ. ಬರಿನೆಲದ ಮೇಲೆ ಪೇರಿಸಿ ತೇವ ಹಿಡಿದ ಸಿಮೆಂಟ್ ಚೀಲ. ಪೈಪ್ ಎಲ್ಲಿ ಬರುತ್ತದೆಂದು ಮೊದಲೇ ಹೇಳದೆ, ಕಟ್ಟಿದ ಮೇಲೆ ಒಡೆದ ಗೋಡೆ.

ದಿನಕ್ಕೆ 20 ಟನ್‌ಗಿಂತ ಹೆಚ್ಚು ತ್ಯಾಜ್ಯ ಬರುವ ಕಡೆ ಕಾಂಕ್ರೀಟ್, ಮಣ್ಣು, ಉಕ್ಕು, ಇಟ್ಟಿಗೆಗಳನ್ನು ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳು ಹೇಳಿದವು. ಅದೇ ವರ್ಷ ಪರಿಷ್ಕೃತವಾದ ಐಎಸ್ 383 ಮಾನದಂಡವು ಹಳೆಯ ಕಾಂಕ್ರೀಟ್ ಪುಡಿಮಾಡಿ ತೆಗೆದ ಜಲ್ಲಿಯನ್ನು ಎಂ25 ದರ್ಜೆಯವರೆಗಿನ ಆರ್‌ಸಿಸಿಯಲ್ಲಿ ಶೇ 20ರಷ್ಟು ಬಳಸಲು ಒಪ್ಪಿತು. ಇವೆಲ್ಲ ಬೇಕೇ ಬೇಕು. ಆದರೆ ಹುಟ್ಟದ ಕಸಕ್ಕೆ ಟ್ರ್ಯಾಕ್ಟರೂ ಬೇಡ, ಯಂತ್ರವೂ ಬೇಡ.

ಇಂಟರ್ನ್‌ಷಿಪ್‌ಗೆ ಹೊರಟಿರುವ ಗೆಳೆಯರೇ, ಲಿಸ್ಟ್ ಬರೆದ ಮೇಲೆ ಒಮ್ಮೆ ಮೇಸ್ತ್ರಿಯ ಪಕ್ಕ ಕುಳಿತುಕೊಳ್ಳಿ.

ಕೊನೆಯ ವಾರ ಇನ್ನೊಂದು ಲಿಸ್ಟ್ ಸಿಕ್ಕಿತು. ಈ ಸಲ ಪೆನ್ನು ಹಿಡಿಯುವ ಮೊದಲೇ ಹೋಗಿ, ಹಿಂದೆ ಉಳಿದಿದ್ದ ತುಂಡುಗಳನ್ನೆಲ್ಲ ಅಳೆದುಕೊಂಡು ಬಂದೆ. ಮೇಸ್ತ್ರಿ ಚೀಟಿ ನೋಡಿದರು. ಸೀಮೆಸುಣ್ಣ ಕಿವಿಯಲ್ಲೇ ಉಳಿಯಿತು.