ಊರಿಗೆ ತಕ್ಕ ಕಟ್ಟುಪಾಡು

ಸಾಂಕ್ರಾಮಿಕ ವ್ಯಾಧಿಯು ನಾಡಿನ ಎಲ್ಲ ಊರುಗಳಿಗೂ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಕಾಲಿಡುವುದಿಲ್ಲವಾದುದರಿಂದ, ಅದನ್ನು ತಡೆಯುವ ನಿರ್ಬಂಧಗಳೂ ಆಯಾ ಊರಿನ ಸೋಂಕಿಗೆ ಅನುಗುಣವಾಗಿರತಕ್ಕುದೆಂಬ ವಿಚಾರವು ಸರಳವಾಗಿ ತೋರಿದರೂ, ಅದನ್ನು ಆಚರಣೆಗೆ ತರುವುದು ಎಷ್ಟು ಸೂಕ್ಷ್ಮವಾದ ಕಾರ್ಯವೆಂಬುದನ್ನು ಕೊರೋನಾ ಕಾಲದ ಕರ್ನಾಟಕವು ಅನುಭವದಿಂದಲೇ ಅರಿತಿತು. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಒಂದೇ ಲಾಕ್‌ಡೌನ್ ವಿಧಿಸಿದಾಗ, ರೋಗದ ಗತಿಯೇ ತಿಳಿಯದಿದ್ದ ಆ ಹೊತ್ತಿನಲ್ಲಿ ಅದಕ್ಕೆ ಸಮರ್ಥನೆಯಿದ್ದಿತು; ಆದರೆ ಒಬ್ಬ ರೋಗಿಯೂ ಕಾಣದ ಊರಿನ ಕೂಲಿಕಾರನೂ ಅದರ ಭಾರವನ್ನು ಹೊತ್ತನು.

ಆದಕಾರಣ ಮೇ 4ರಿಂದ ದೇಶದ 733 ಜಿಲ್ಲೆಗಳನ್ನು ವಿಂಗಡಿಸಿ, 130ಕ್ಕೆ ಕೆಂಪು, 284ಕ್ಕೆ ಕಿತ್ತಳೆ, 319ಕ್ಕೆ ಹಸಿರು ಬಣ್ಣವನ್ನು ಕೊಡಲಾಯಿತು. ಕೆಂಪಿನಲ್ಲಿ ಬಸ್ಸಿಲ್ಲ, ಆಟೋ ಇಲ್ಲ, ಕ್ಷೌರದಂಗಡಿಯೂ ಇಲ್ಲ. ಹಸಿರಿನಲ್ಲಿ ಅರ್ಧದಷ್ಟು ಪ್ರಯಾಣಿಕರೊಡನೆ ಬಸ್ಸು ಓಡಬಹುದು. ಇಪ್ಪತ್ತೊಂದು ದಿನ ಹೊಸ ಪ್ರಕರಣವಿಲ್ಲದ ಜಿಲ್ಲೆಯು ಹಸಿರಾಗುತ್ತಿದ್ದಿತು.

ತತ್ತ್ವವು ಸರಿಯೇ, ತೊಡಕಿದ್ದುದು ಅಳತೆಯ ವಿಸ್ತಾರದಲ್ಲಿ. ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿಯೂ ಅವರ ಸಂಪರ್ಕಕ್ಕೆ ಬಂದವರಲ್ಲಿಯೂ ಹಬ್ಬಿದ ಸೋಂಕಿನಿಂದಲೇ ಬಹುಮಟ್ಟಿಗೆ ಮೈಸೂರು ಜಿಲ್ಲೆಯು ಕೆಂಪಾಯಿತಷ್ಟೆ. ಅದೇ ಜಿಲ್ಲೆಯೊಳಗಿರುವ ಹೆಗ್ಗಡದೇವನಕೋಟೆಯ ಕ್ಷೌರಿಕನೂ ಅಂಗಡಿ ತೆರೆಯುವಂತಿರಲಿಲ್ಲ. ನಂಜನಗೂಡಿಗೆ ತಾಗಿಕೊಂಡಿರುವ ಚಾಮರಾಜನಗರ ಜಿಲ್ಲೆಯಾದರೋ ಜೂನ್ ತಿಂಗಳವರೆಗೆ ಒಂದು ಪ್ರಕರಣವನ್ನೂ ಕಾಣದೆ ಹಸಿರಾಗಿ ಉಳಿಯಿತು. ಜಿಲ್ಲೆಯ ಗಡಿ ಕಂದಾಯದ ಅನುಕೂಲಕ್ಕಾಗಿ ಎಳೆದುದು. ರೋಗವು ಹರಡುವುದು ಕಾರ್ಖಾನೆ, ಮದುವೆ, ಸಂತೆಗಳೆಂಬ ಜನಸಂಪರ್ಕದ ದಾರಿಯಲ್ಲಿ.

ಬೆಂಗಳೂರಿನಲ್ಲಿ ಜನರು ಸೀಲ್‌ಡೌನ್ ಎಂದು ಕರೆದ ಕ್ರಮವು, ಈ ದೃಷ್ಟಿಯಿಂದ, ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ. ಸೋಂಕು ಕಂಡ ಬೀದಿಯ ಎರಡು ತುದಿಗಳಿಗೆ ಬಿದಿರಿನ ಗಳಗಳನ್ನೋ ತಗಡುಗಳನ್ನೋ ಅಡ್ಡಗಟ್ಟಿ, ಪಕ್ಕದ ಬೀದಿಯನ್ನು ಅದರ ಪಾಡಿಗೆ ಬಿಡುವುದರಿಂದ ಕಷ್ಟವು ಕೆಲವೇ ಮನೆಗಳಿಗೆ ಸೀಮಿತವಾಗುತ್ತದೆ. ಆದರೆ ಆ ಮನೆಗಳಿಗೆ ಹಾಲು, ದಿನಸಿ, ಮಾತ್ರೆಗಳನ್ನು ತಲುಪಿಸುವ ಹೊಣೆಯನ್ನು ಯಾರೂ ಹೊರದೆ ಹೋದರೆ, ಮುಂದಿನ ಬೀದಿಯವರು ಜ್ವರವನ್ನೇ ಮುಚ್ಚಿಡುತ್ತಾರೆ. ಆಗ ಅಳತೆಯೇ ಕೆಡುತ್ತದೆ.

ಮರುವರ್ಷ ಜೂನ್ 21ರಿಂದ ನಮ್ಮ ಸರ್ಕಾರವು ಇನ್ನೊಂದು ಮಾನದಂಡವನ್ನು ಹಿಡಿಯಿತು. ಪರೀಕ್ಷಿಸಿದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಸೋಂಕು ದೃಢಪಟ್ಟಿತೆಂಬ ಲೆಕ್ಕದಲ್ಲಿ, ಐದಕ್ಕಿಂತ ಕಡಮೆಯಿದ್ದ 16 ಜಿಲ್ಲೆಗಳಿಗೆ ಹೆಚ್ಚಿನ ಸಡಿಲಿಕೆ, 13ಕ್ಕೆ ಅದಕ್ಕಿಂತ ಕಡಮೆ, ಹತ್ತನ್ನು ಮೀರಿದ್ದ ಮೈಸೂರಿಗೆ ಮಾತ್ರ ಬಿಗಿಯಾದ ನಿಯಮ. ಹಿಂದೆ ಕೆಂಪಾಗಿದ್ದ ಬೆಂಗಳೂರು ನಗರ ಮೊದಲ ವರ್ಗಕ್ಕೂ, ನಿಷ್ಕಳಂಕವಾಗಿದ್ದ ಚಾಮರಾಜನಗರ ಎರಡನೆಯದಕ್ಕೂ ಸೇರಿದುವೆಂಬುದನ್ನು ಗಮನಿಸಿದರೆ, ಈ ವಿಂಗಡಣೆಯು ಕಾಲಕಾಲಕ್ಕೆ ಏಕೆ ಬದಲಾಗಬೇಕೆಂಬುದು ಸ್ಪಷ್ಟವಾಗುತ್ತದೆ.

ಆದರೂ ಈ ಶೇಕಡಾವಾರು ಅಂಕಿಯು ಪರೀಕ್ಷೆಗೆ ಯಾರನ್ನು ಆರಿಸುತ್ತಾರೆಂಬುದನ್ನೇ ಅವಲಂಬಿಸಿದೆ. ರೋಗಲಕ್ಷಣವಿಲ್ಲದವರನ್ನೇ ಗುಂಪುಗುಂಪಾಗಿ ಪರೀಕ್ಷಿಸಿದರೆ ಅದು ಇಳಿಯುತ್ತದೆ, ತೀವ್ರವಾಗಿ ಬಳಲುವವರನ್ನು ಮಾತ್ರ ಪರೀಕ್ಷಿಸಿದರೆ ಏರುತ್ತದೆ. ಅಲ್ಲದೆ ಸೋಂಕು ತಗುಲಿ ಜ್ವರ ಬರಲು ಕೆಲವು ದಿನ, ಪರೀಕ್ಷೆಯ ಫಲ ಬರಲು ಮತ್ತೆರಡು ದಿನ ಕಳೆಯುವುದರಿಂದ, ಇಂದಿನ ಅಂಕಿಯು ಹೇಳುವುದು ಹಿಂದಿನ ವಾರದ ಕಥೆಯನ್ನು. ಆದುದರಿಂದ ಮುಂದೆ ಇಂಥ ವ್ಯಾಧಿ ಬಂದಾಗ ಅಧಿಕಾರಿಗಳು ಜಿಲ್ಲೆಯ ಒಟ್ಟು ಮೊತ್ತಕ್ಕೆ ತೃಪ್ತರಾಗದೆ, ಗ್ರಾಮ ಪಂಚಾಯಿತಿ ಹಾಗೂ ವಾರ್ಡುಗಳ ಮಟ್ಟದಲ್ಲಿ ಪರೀಕ್ಷೆಗಳ ಸಂಖ್ಯೆಯನ್ನೂ ಸೋಂಕಿತರ ಸಂಖ್ಯೆಯನ್ನೂ ಜೊತೆಜೊತೆಯಾಗಿ ಪ್ರಕಟಿಸಲಿ. ಜ್ವರ ಬಂದ ದಿನವೇ ಓದುಗರು ಆಶಾ ಕಾರ್ಯಕರ್ತೆಗೆ ತಿಳಿಸಲಿ.