‘ಗಮನ ಕೊಡುವುದಿಲ್ಲ’ ಎಂಬ ಷರಾ

ಬೋಧನಾಭ್ಯಾಸದ ಮೇಲ್ವಿಚಾರಣೆಗೆ ಮೂಡಿಗೆರೆ, ಕಳಸದ ಕಡೆಯ ಶಾಲೆಗಳಿಗೆ ಹೋದಾಗ ನಾನು ಮೊದಲು ತೆರೆದು ನೋಡುವುದು ಪ್ರಶಿಕ್ಷಣಾರ್ಥಿಗಳ ವೀಕ್ಷಣಾ ಪುಸ್ತಕವನ್ನು. ಅಲ್ಲಿ ಮತ್ತೆ ಮತ್ತೆ ಕಾಣುವ ಷರಾ ಒಂದೇ: ‘ಪಾಠದ ಕಡೆ ಗಮನ ಕೊಡುವುದಿಲ್ಲ.’ ಷರಾ ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ ನಾಳೆ ಆ ಮಗುವಿನ ಜೊತೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಹೀಗೆ ಬರೆಸಿಕೊಂಡವರಲ್ಲಿ ಕೆಲವರಿಗೆ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ನೂರು ಮಕ್ಕಳಲ್ಲಿ ಸುಮಾರು 5 ಮಂದಿಗೆ ಇದು ಕಂಡುಬಂದಿದೆ. ಹೆಸರು ಕೇಳಿ ಈ ಮಕ್ಕಳಿಗೆ ಗಮನವೇ ಇಲ್ಲ ಎಂದುಕೊಳ್ಳಬೇಡಿ. ತೋಟದ ಮರದ ಮೇಲಿನ ಕೆಂದಳಿಲನ್ನು ಅರ್ಧ ಗಂಟೆ ಕದಲದೆ ನೋಡುವ ಹುಡುಗನೇ ನಾಲ್ಕು ಸಾಲು ಕಾಪಿ ಬರೆಯಲಾರ. ಬೇಕಾದ ಕಡೆಗೆ, ಬೇಕಾದಷ್ಟು ಹೊತ್ತು ಗಮನವನ್ನು ಹಿಡಿದು ನಿಲ್ಲಿಸುವುದು ಅವನಿಗೆ ಕಷ್ಟ. ಇದು ಸೋಮಾರಿತನವಲ್ಲ, ತಾಯಿಯ ಮುದ್ದಿನ ಫಲವೂ ಅಲ್ಲ. ಹೆಣ್ಣುಮಕ್ಕಳಲ್ಲಿ ಇದು ಎಷ್ಟೋ ಸಲ ಗದ್ದಲವಿಲ್ಲದೆ ಇರುತ್ತದೆ. ಕಿಟಕಿ ಪಕ್ಕ ಸುಮ್ಮನೆ ಕೂತು ಎಲ್ಲೋ ಕಳೆದುಹೋಗಿರುವ ಹುಡುಗಿಯ ಹೆಸರು ನಮ್ಮ ವೀಕ್ಷಣಾ ಪುಸ್ತಕಕ್ಕೆ ಬರುವುದೇ ಅಪರೂಪ.

ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ವೈದ್ಯರು, ನಾವಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಶಾಲೆಯಲ್ಲಿ ಮಾತ್ರವಲ್ಲದೆ ಮನೆಯಲ್ಲೋ ಬೇರೆ ಕಡೆಯೋ ಕೂಡ ಕಾಣಬೇಕು. ನಮ್ಮ ಕಡೆ ಇನ್ನೂ ಒಂದೆರಡು ವಿಷಯ ನೋಡಬೇಕಾಗುತ್ತದೆ. ಲೈನ್ ಮನೆಗಳ ಮಕ್ಕಳು ಮನೆಯಲ್ಲಿ ತುಳು, ತಮಿಳು, ಅಸ್ಸಾಮಿ ಹೀಗೆ ಬೇರೆ ಬೇರೆ ಭಾಷೆ ಆಡುವವರು. ಕನ್ನಡ ಅರ್ಥವಾಗದ ಮಗುವೂ ಗಮನ ಕೊಡದ ಮಗುವಿನಂತೆಯೇ ಕಾಣುತ್ತದೆ. ಕಿವಿ ಸೋರುವ ಮಗುವೂ, ಬೆಳಗ್ಗೆ ತಿಂಡಿಯಿಲ್ಲದೆ ಬಂದ ಮಗುವೂ ಅಷ್ಟೇ.

ನಾಲ್ಕನೇ ತರಗತಿಯ ಬಗ್ಗೆ ಒಂದು ಮಾತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿಯಲ್ಲಿ ಮಗು ಒಂದು ಕಾರ್ಡು ಮುಗಿಸಿ, ಎದ್ದು ಹೋಗಿ, ಇನ್ನೊಂದು ಕಾರ್ಡು ತರುತ್ತದೆ. ಕೆಲಸ ಚಿಕ್ಕದು, ಓಡಾಟ ಉಂಟು, ಏಣಿಯಲ್ಲಿ ತಾನೆಲ್ಲಿದ್ದೇನೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೂರನೇ ತರಗತಿ ದಾಟಿದೊಡನೆ ಬೆಂಚು, ದಪ್ಪ ಪುಸ್ತಕ, 40 ನಿಮಿಷದ ಅವಧಿ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದ ಮಗು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ‘ತಂಟೆಕೋರ’ನಾಗುವುದನ್ನು ನಾನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ. ಬದಲಾದದ್ದು ಮಗುವಲ್ಲ.

ಕಳಸದ ಹತ್ತಿರದ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಷರಾ ಬರೆಯುವ ಬದಲು ಎಣಿಸಿದರು. ನಾಲ್ಕನೇ ತರಗತಿಯ ಹುಡುಗ, ಬೋರ್ಡಿನ ಮೇಲೆ 12 ಲೆಕ್ಕ. ಮೂರು ದಿನವೂ ಅವನು ಎದ್ದದ್ದು ಮೂರನೆಯ ಲೆಕ್ಕದ ಆಸುಪಾಸಿನಲ್ಲಿ, ಐದು ನಿಮಿಷದೊಳಗೆ. ಬರೆದಷ್ಟೂ ಸರಿಯಾಗಿಯೇ ಇತ್ತು. ಎಣಿಕೆ ಕೈಯಲ್ಲಿದ್ದದ್ದರಿಂದ ಮುಂದಿನ ದಾರಿ ತಾನಾಗಿ ಕಂಡಿತು. ಮೂರು ಮೂರು ಲೆಕ್ಕದ ಚೀಟಿ ಮಾಡಿದರು. ಒಂದು ಚೀಟಿ ಮುಗಿಸಿ ತಂದು ತೋರಿಸಬೇಕು, ಅಲ್ಲೇ ‘ಸರಿ’ ಹಾಕಿಸಿಕೊಂಡು ಇನ್ನೊಂದು ಒಯ್ಯಬೇಕು. ಎದ್ದು ಓಡಾಡುವುದು ತಪ್ಪಾಗಿದ್ದದ್ದು ಕೆಲಸದ ಭಾಗವಾಯಿತು. ಮೂರನೆಯ ವಾರಕ್ಕೆ ಒಂಬತ್ತು ಲೆಕ್ಕ ಮಾಡುತ್ತಿದ್ದ. ಹನ್ನೆರಡೂ ಆದದ್ದು ಎರಡೇ ದಿನ. ಪವಾಡವೇನಲ್ಲ, ಆದರೆ ಮೂರರಿಂದ ಒಂಬತ್ತು ಸಣ್ಣದೂ ಅಲ್ಲ.

ಮಳೆಗಾಲದಲ್ಲಿ ತಗಡಿನ ಶೀಟಿನ ಕೆಳಗೆ ಪಾಠ ಮಾಡಿದವರಿಗೆ ಗೊತ್ತು, ಬಾಯಿ ಮಾತು ಮೂರನೆಯ ಸಾಲಿಗೂ ತಲುಪುವುದಿಲ್ಲ. ಅಂಥ ಕಡೆ ಸೂಚನೆಯನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆಯಿರಿ. ಈ ಮಗುವನ್ನು ಮುಂದೆ, ಬಾಗಿಲಿನಿಂದ ದೂರ ಕೂರಿಸಿ. ಸರಿ ಮಾಡಿದ್ದನ್ನು ಆಗಲೇ ಹೇಳಿ, ಸಂಜೆಗೆ ಉಳಿಸಬೇಡಿ. ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಒತ್ತಿ ಹೇಳಬೇಕೆಂದಿರುವುದು ಆಟದ ಅವಧಿಯ ಬಗ್ಗೆ. ಬರೆದು ಮುಗಿಸಿಲ್ಲವೆಂದು ಆಟಕ್ಕೆ ಬಿಡದೆ ಕೂರಿಸುವುದು ನಮ್ಮಲ್ಲಿ ಬಹಳ ಸಾಮಾನ್ಯ. ಯಾರಿಗೆ ಓಟ ಎಲ್ಲರಿಗಿಂತ ಹೆಚ್ಚು ಬೇಕೋ ಅವನಿಂದಲೇ ಅದನ್ನು ಕಿತ್ತುಕೊಂಡರೆ ಮುಂದಿನ ಅವಧಿ ಇನ್ನಷ್ಟು ಕೆಡುತ್ತದೆ. ಹೊಡೆಯುವ ಮಾತಂತೂ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಮನೆಯ ವಿಚಾರ ಕೇಳಿದಾಗ ಆ ಹುಡುಗನ ತಾಯಿ ಅಂದದ್ದು: “ಮನೇಲೂ ಹಂಗೇ ಮೇಡಂ. ಅಂಗಡಿಗೆ ಕಳ್ಸಿದ್ರೆ ಏನು ತರ್ಬೇಕು ಅಂತ್ಲೇ ಮರ್ತು ಬರ್ತಾನೆ. ಈ ಮಳೆಗಾಲದಲ್ಲಿ ಮೂರು ಕೊಡೆ ಕಳ್ದ.” ಅವರಿಗೆ ಉಪದೇಶ ಬೇಕಿರಲಿಲ್ಲ. ಪುಸ್ತಕ, ಪೆನ್ಸಿಲ್, ಬುತ್ತಿ, ಕೊಡೆ, ಈ ನಾಲ್ಕರ ಚಿತ್ರ ಬರೆದ ರಟ್ಟನ್ನು ಬಾಗಿಲ ಹಿಂದೆ ಅಂಟಿಸಲು ಕೊಟ್ಟೆವು. ಅಕ್ಷರ ಬಾರದ ಅಜ್ಜಿಯೂ ಬೆರಳಿಟ್ಟು ಕೇಳಬಹುದು. ಹಣ್ಣು ಕುಯ್ಲಿನ ದಿನಗಳಲ್ಲಿ ಅಪ್ಪ ಅಮ್ಮ ಬೆಳಗ್ಗೆಯೇ ತೋಟಕ್ಕೆ ಹೋಗಿರುತ್ತಾರೆ, ಮಗುವನ್ನು ಹೊರಡಿಸುವವರು ಅಜ್ಜಿಯೇ.

ಇಷ್ಟಾದರೂ ತೊಂದರೆ ಉಳಿದರೆ ವೈದ್ಯರಿಗೆ ತೋರಿಸಬೇಕು. ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ, ಅವರಿಗೆ ಮಗುವಿನ ಹೆಸರು ಹೇಳಿ. ದೂರವಾಣಿಯಲ್ಲಿ ಕೇಳುವುದಿದ್ದರೆ ಟೆಲಿ ಮಾನಸ್ 14416. ಮಾತ್ರೆ ಬೇಕೋ ಬೇಡವೋ ಎಂಬುದು ವೈದ್ಯರಿಗೆ ಬಿಟ್ಟದ್ದು. ಕೊಡಿಸಿ ಎಂದಾಗಲಿ, ನಿಲ್ಲಿಸಿ ಎಂದಾಗಲಿ ನಾವು ಹೇಳಕೂಡದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯ ಹೆಸರಿದೆ, ಎಡಿಎಚ್‌ಡಿಯ ಹೆಸರಿಲ್ಲ. ಆದ್ದರಿಂದ ಪ್ರಮಾಣಪತ್ರ ಬರಲಿ ಎಂದು ಕಾಯುತ್ತಾ ಕೂರಬೇಡಿ. ಮೂರು ಲೆಕ್ಕದ ಚೀಟಿ ಹರಿಯಲು ಯಾರ ಸಹಿಯೂ ಬೇಕಿಲ್ಲ.

ಆಸ್ಪತ್ರೆಗೆ ಹೋಗುವುದೆಂದರೆ ತಾಯಿಗೆ ಒಂದು ದಿನದ ಕೂಲಿ ಹೋದಂತೆ. ಕುಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿಯಾದರೆ ಇನ್ನೂ ಹೆಚ್ಚು. ವೈದ್ಯರ ಎದುರು ಹತ್ತು ನಿಮಿಷ ಮಗು ಅಲುಗಾಡದೆ ಕೂತುಬಿಟ್ಟರೆ ಆ ದಿನ ವ್ಯರ್ಥ. ಆಗ ಕೆಲಸಕ್ಕೆ ಬರುವುದು ಅವರ ಕೈಯಲ್ಲಿರುವ ನಿಮ್ಮ ಒಂದು ಪುಟ: ಯಾವ ದಿನ, ಯಾವ ಅವಧಿ, ಎಷ್ಟು ನಿಮಿಷಕ್ಕೆ ಎದ್ದ, ಎಷ್ಟು ಮುಗಿಸಿದ, ಯಾವಾಗ ಚೆನ್ನಾಗಿ ಕೂತಿದ್ದ, ಮನೆಯವರು ಏನಂದರು. ರೋಗದ ಹೆಸರು ಬರೆಯಬೇಡಿ. ನಿಮ್ಮ ಬೋಧನಾಭ್ಯಾಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಹೊರಡುವ ಮುನ್ನ ಆ ಪುಟದ ಒಂದು ಪ್ರತಿಯನ್ನು ತರಗತಿ ಶಿಕ್ಷಕರಿಗೆ ಕೊಟ್ಟು, ಉಳಿದ ಚೀಟಿಗಳನ್ನೂ ಅವರ ಮೇಜಿನ ಮೇಲಿಟ್ಟು ಬನ್ನಿ.